ದಾಂಡಿಗ ಗುರುವಾದ ಕಥೆ

ಬಲ್ಲವರೆಲ್ಲರೂ ಕಲಿಸಬಲ್ಲವರಲ್ಲ. ಮೈದಾನದಲ್ಲಿ ಮೆರೆದ ಎಷ್ಟೋ ಆಟಗಾರರು ತರಬೇತಿಯ ಕಾರ್ಯದಲ್ಲಿ ಸೋತದ್ದುಂಟು. ಬೆಂಗಳೂರಿನ ರಾಹುಲ್ ದ್ರಾವಿಡ್ ಅವರಾದರೋ ಎರಡೂ ವಿದ್ಯೆಗಳನ್ನು ಸಾಧಿಸಿದವರು. ಆಟಗಾರರಾಗಿ ದಕ್ಕದಿದ್ದ ವಿಶ್ವಕಪ್ಪನ್ನು ಗುರುವಾಗಿ ಕಂಡವರು.

೧೯೭೩ರಲ್ಲಿ ಇಂದೂರಿನಲ್ಲಿ ಜನಿಸಿದ ದ್ರಾವಿಡರು ಬೆಳೆದದ್ದು ಬೆಂಗಳೂರಿನಲ್ಲಿ. ಕೇಕಿ ತಾರಾಪೂರರ ಬಳಿ ಆಟ ಕಲಿತು, ೧೯೯೬ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಮೊದಲ ಟೆಸ್ಟ್ ಆಡಿ ೯೫ ರನ್ ಗಳಿಸಿದರು. ೧೬೪ ಟೆಸ್ಟುಗಳಲ್ಲಿ ೧೩,೨೮೮ ರನ್ ಗಳಿಸಿದ ಅವರನ್ನು ಅಭಿಮಾನಿಗಳು 'ಗೋಡೆ'ಯೆಂದೇ ಕರೆದರು. ಆದರೆ ೨೦೦೭ರಲ್ಲಿ ಅವರ ನಾಯಕತ್ವದಲ್ಲಿ ವೆಸ್ಟ್ ಇಂಡೀಸಿಗೆ ತೆರಳಿದ ಭಾರತ ತಂಡ, ಬಾಂಗ್ಲಾದೇಶಕ್ಕೂ ಶ್ರೀಲಂಕೆಗೂ ಸೋತು ವಿಶ್ವಕಪ್ಪಿನ ಮೊದಲ ಹಂತದಲ್ಲಿಯೇ ಮನೆಗೆ ಮರಳಿತು. ಆ ನೋವು ಸಣ್ಣದಾಗಿರಲಿಲ್ಲ.

೨೦೧೨ರಲ್ಲಿ ಅಂತರರಾಷ್ಟ್ರೀಯ ಪಂದ್ಯಗಳಿಂದ ನಿವೃತ್ತರಾದ ಅವರು, ೨೦೧೫ರಲ್ಲಿ ಹತ್ತೊಂಬತ್ತರ ಒಳಗಿನ ತರುಣರ ತಂಡಕ್ಕೂ ಭಾರತ 'ಎ' ತಂಡಕ್ಕೂ ತರಬೇತುದಾರರಾದರು. ಜನರ ಕಣ್ಣು ಹೆಚ್ಚಾಗಿ ಬೀಳದ ಕೆಲಸವದು. ಅಡಕೆಯ ಸಸಿ ನೆಟ್ಟವನು ಫಸಲಿಗಾಗಿ ವರ್ಷಗಟ್ಟಲೆ ಕಾಯಬೇಕೆಂಬುದನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ದ್ರಾವಿಡರೂ ಹಾಗೆಯೇ ಕಾದರು. ಒಬ್ಬ ತರುಣ ಒಂದೇ ಕಿರಿಯರ ವಿಶ್ವಕಪ್ ಆಡಬೇಕು, ಬಳಿಕ ಹಿರಿಯರೊಡನೆ ಸೆಣಸಿ ಪಕ್ವವಾಗಬೇಕು ಎಂಬುದು ಅವರ ನಿಲುವು. ೨೦೧೬ರಲ್ಲಿ ಅಂತಿಮ ಪಂದ್ಯ ಸೋತ ಕಿರಿಯರ ತಂಡ, ೨೦೧೮ರಲ್ಲಿ ನ್ಯೂಜಿಲೆಂಡಿನಲ್ಲಿ ಆಸ್ಟ್ರೇಲಿಯವನ್ನು ಎಂಟು ವಿಕೆಟ್‌ಗಳಿಂದ ಮಣಿಸಿ ಕಪ್ಪನ್ನು ಗೆದ್ದಿತು.

ಆಗ ಕ್ರಿಕೆಟ್ ಮಂಡಳಿ ದ್ರಾವಿಡರಿಗೆ ೫೦ ಲಕ್ಷ ರೂಪಾಯಿಗಳನ್ನೂ, ಇತರ ಸಹಾಯಕರಿಗೆ ತಲಾ ೨೦ ಲಕ್ಷವನ್ನೂ ಬಹುಮಾನವಾಗಿ ಘೋಷಿಸಿತು. ದುಡಿಮೆ ಎಲ್ಲರದಾದ ಮೇಲೆ ಬಹುಮಾನದಲ್ಲೇಕೆ ಭೇದ ಎಂದು ದ್ರಾವಿಡರು ಆಕ್ಷೇಪಿಸಿದರು. ಕೊನೆಗೆ ಎಲ್ಲರಿಗೂ ೨೫ ಲಕ್ಷದಂತೆ ಸಮಪಾಲಾಯಿತು. ತಮ್ಮ ಪಾಲಿನ ಅರ್ಧವನ್ನು ಅವರು ಬಿಟ್ಟುಕೊಟ್ಟಿದ್ದರು.

೨೦೨೧ರ ನವೆಂಬರಿನಲ್ಲಿ ಹಿರಿಯರ ತಂಡದ ಹೊಣೆ ಹೆಗಲೇರಿತು. ಹಾದಿ ಸುಗಮವಾಗಿರಲಿಲ್ಲ. ೨೦೨೨ರ ಟಿ-ಟ್ವೆಂಟಿ ವಿಶ್ವಕಪ್ಪಿನಲ್ಲಿ ಇಂಗ್ಲೆಂಡಿನೆದುರು ಹತ್ತು ವಿಕೆಟ್‌ಗಳ ಸೋಲು. ೨೦೨೩ರ ಏಕದಿನ ವಿಶ್ವಕಪ್ಪಿನಲ್ಲಿ ಸತತ ಹತ್ತು ಪಂದ್ಯಗಳನ್ನು ಗೆದ್ದ ತಂಡ, ನವೆಂಬರ್ ೧೯ರಂದು ಅಹಮದಾಬಾದಿನ ಅಂತಿಮ ಪಂದ್ಯದಲ್ಲಿ ಆಸ್ಟ್ರೇಲಿಯಕ್ಕೆ ಶರಣಾಯಿತು. ಅಲ್ಲಿಗೆ ಅವರ ಅವಧಿಯೂ ಮುಗಿಯುವುದಿತ್ತು. ನಾಯಕ ರೋಹಿತ್ ಶರ್ಮ ದೂರವಾಣಿಯಲ್ಲಿ ಮಾತನಾಡಿ, ಇನ್ನಷ್ಟು ಕಾಲ ಜೊತೆಗಿರುವಂತೆ ಕೇಳಿಕೊಂಡರು, ದ್ರಾವಿಡರು ಒಪ್ಪಿದರು.

೨೦೨೪ರ ಜೂನ್ ೨೯ರಂದು ಬಾರ್ಬಡೋಸಿನಲ್ಲಿ ಭಾರತ ದಕ್ಷಿಣ ಆಫ್ರಿಕವನ್ನು ಏಳು ರನ್‌ಗಳಿಂದ ಸೋಲಿಸಿ ಟಿ-ಟ್ವೆಂಟಿ ವಿಶ್ವಕಪ್ ಗೆದ್ದಿತು. ಹದಿನೇಳು ವರ್ಷಗಳ ಹಿಂದೆ ತಲೆ ತಗ್ಗಿಸಿ ಹೊರಟಿದ್ದ ಅದೇ ವೆಸ್ಟ್ ಇಂಡೀಸಿನಲ್ಲಿ ದೊರೆತ ಜಯವದು. ೨೦೧೬ರ ಕಿರಿಯರ ತಂಡದಲ್ಲಿದ್ದ ರಿಷಭ್ ಪಂತ್, ೨೦೧೮ರ ತಂಡದಲ್ಲಿದ್ದ ಅರ್ಷದೀಪ್ ಸಿಂಗ್ ಇಬ್ಬರೂ ಅಂದು ಕಣದಲ್ಲಿದ್ದರು. ಸದಾ ಮಿತಭಾಷಿಯಾದ ಗುರು, ವಿರಾಟ್ ಕೊಹ್ಲಿ ಕೈಗಿತ್ತ ಕಪ್ಪನ್ನು ಎತ್ತಿ ಹಿಡಿದು ಎಳೆಯ ಹುಡುಗನಂತೆ ಕೂಗಿದರು.

ಆ ಬಾರಿಯೂ ತಮಗೆ ಗೊತ್ತುಮಾಡಿದ್ದ ಐದು ಕೋಟಿ ರೂಪಾಯಿಗಳಲ್ಲಿ ಅರ್ಧವನ್ನು ಬಿಟ್ಟು, ಸಹತರಬೇತುದಾರರಿಗೆ ಸಂದಷ್ಟೇ ಸಾಕೆಂದರೆಂದು ಪತ್ರಿಕೆಗಳು ವರದಿ ಮಾಡಿದವು. ಮಕ್ಕಳಿಗೆ ಆಟ ಕಲಿಸುವ ತಂದೆತಾಯಿಗಳು ರನ್ನುಗಳ ಲೆಕ್ಕದೊಡನೆ ಈ ಲೆಕ್ಕವನ್ನೂ ಹೇಳಿಕೊಡುವುದು ಒಳ್ಳೆಯದು.