ಪಾರಸೀಕ ಗಾನವೂ ಕೋಡಂಬಾಕ್ಕದ ಯಂತ್ರವೂ

ಪಾಶ್ಚಾತ್ಯ ಗಿಟಾರು, ಆರ್ಗನ್ನುಗಳ ಸಾಹಚರ್ಯದಲ್ಲಿ ಪಾರಸೀಕ ಕಾವ್ಯದ ವಿರಹವನ್ನು ಹಾಡಿ, 1970ರ ದಶಕದ ಟೆಹರಾನಿನಲ್ಲಿ ನೂತನ ಗಾನಶೈಲಿಯೊಂದನ್ನು ಬೆಳಗಿದವರಲ್ಲಿ ಗೂಗೂಷ್ ಅಗ್ರಗಣ್ಯರು. 1979ರ ಕ್ರಾಂತಿಯ ತರುವಾಯ ಹೆಣ್ಣಿನ ಕಂಠ ವೇದಿಕೆಗೆ ನಿಷಿದ್ಧವಾಗಲು, 2000ನೆಯ ಇಸವಿಯಲ್ಲಿ ದೇಶವನ್ನು ತೊರೆಯುವವರೆಗೂ ಆಕೆ ಮೌನದಿಂದಿರಬೇಕಾಯಿತು. ಇರಾನಿನಿಂದ ಇಸ್ರೇಲಿಗೆ ಹೋಗಿ ನೆಲೆಸಿದ ಕುಟುಂಬದಲ್ಲಿ ಜನಿಸಿದ ಲಿರಾಜ್ ಎಂಬ ಗಾಯಕಿ ಆ ಹಳೆಯ ಧಾಟಿಯನ್ನೇ ಸಿಂಥಸೈಜರಿನ ನಾದದೊಡನೆ ಮತ್ತೆ ಎತ್ತಿಕೊಂಡಿದ್ದಾರೆ. 2020ರ ತಮ್ಮ 'ಜನ್' ಆಲ್ಬಮ್ಮಿಗಾಗಿ ಇರಾನಿನೊಳಗಿನ ವಾದ್ಯಗಾರರೊಡನೆ ಅಂತರ್ಜಾಲದ ಮೂಲಕ ಗುಟ್ಟಾಗಿ ದುಡಿದರು.

ಚೆನ್ನೈಯಲ್ಲಿ ಕುಳಿತು ಇದನ್ನು ಕೇಳುವ ಕನ್ನಡಿಗನಿಗೆ ಚಿತ್ರಗೀತೆಗಳ ಬೀಡಾದ ಕೋಡಂಬಾಕ್ಕದ ನೆನಪಾಗದಿರದು. ಟೆಹರಾನಿನ ಗಾನಕ್ಕೆ ಒದಗಿದ ವಿಚ್ಛೇದ ಇಲ್ಲಿ ಒದಗಲಿಲ್ಲ. ಹಳೆಯ ಹಾಡು ಹೊಸ ಯಂತ್ರಕ್ಕೆ ಶಿಷ್ಯಪರಂಪರೆಯಿಂದಲೇ ಹಸ್ತಾಂತರವಾಯಿತು. 'ಬಂಗಾರದ ಮನುಷ್ಯ'ಕ್ಕೆ ಸಂಗೀತವಿತ್ತ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಪಳಗಿದ ಇಳಯರಾಜಾ 1976ರಲ್ಲಿ 'ಅನ್ನಕ್ಕಿಳಿ'ಯ ಮೂಲಕ ಸ್ವತಂತ್ರರಾದರು. ನಮ್ಮ 'ಗೀತಾ', 'ಪಲ್ಲವಿ ಅನುಪಲ್ಲವಿ'ಗಳ ಮಾಧುರ್ಯ ಅವರದೇ. ಅವರ ವಾದ್ಯವೃಂದದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ತರುಣ ದಿಲೀಪನೇ ಮುಂದೆ ಎ.ಆರ್. ರೆಹಮಾನ್ ಆದದ್ದು. ಒಂಬತ್ತರ ವಯಸ್ಸಿನಲ್ಲಿ ತಂದೆ ಆರ್.ಕೆ. ಶೇಖರ್ ಅವರನ್ನು ಕಳೆದುಕೊಂಡು, ಅವರು ಬಿಟ್ಟುಹೋದ ವಾದ್ಯಗಳನ್ನು ಬಾಡಿಗೆಗೆ ಕೊಟ್ಟು ಬದುಕಿದ ಸಂಸಾರದಲ್ಲಿ ಬೆಳೆದ ರೆಹಮಾನ್ 1989ರಲ್ಲಿ ತಮ್ಮ ಮನೆಯ ಹಿತ್ತಿಲಲ್ಲಿ ಪಂಚತನ್ ಸ್ಟುಡಿಯೋವನ್ನು ಕಟ್ಟಿಕೊಂಡರು. ನಿರ್ದೇಶಕ ಮಣಿರತ್ನಂ ತಮ್ಮ ಮೊದಲ ಚಿತ್ರವಾದ 'ಪಲ್ಲವಿ ಅನುಪಲ್ಲವಿ'ಯನ್ನು ಕನ್ನಡದಲ್ಲಿಯೇ, ಇಳಯರಾಜಾರೊಡನೆ ಮಾಡಿದವರು. 1992ರ 'ರೋಜಾ'ಕ್ಕೆ ಅವರು ಆರಿಸಿಕೊಂಡದ್ದು ಈ ಹಿತ್ತಿಲಿನ ತರುಣನನ್ನು.

'ರೋಜಾ'ದಲ್ಲಿ ತಾಳವನ್ನು ಹೆಚ್ಚಾಗಿ ಯಂತ್ರವೇ ಹಾಕಿತಾದರೂ, ಅದರ ನಡುವೆ ಕಂಠಕ್ಕೆ ಉಸಿರಾಡಲು ಧಾರಾಳವಾದ ಅವಕಾಶವಿತ್ತು. ಹಳೆಯ ಹಾಡುಗಳ ಮರ್ಮವನ್ನು ಬೆರಳುಗಳಲ್ಲಿ ತುಂಬಿಕೊಂಡವನಿಗೆ ಮಾತ್ರ ಯಂತ್ರ ಹೀಗೆ ವಿಧೇಯವಾಗುವುದೆಂದು ನಾನು ನಂಬಿದ್ದೇನೆ. ಲಿರಾಜ್ ಅವರ ಗಾನ ಮನಸ್ಸನ್ನು ತಟ್ಟುವುದೂ ಈ ಕಾರಣದಿಂದಲೇ. ಇರಾನಿನ ನಿರ್ದೇಶಕ ಮಜೀದ್ ಮಜೀದಿ 2015ರಲ್ಲಿ ಪ್ರವಾದಿ ಮುಹಮ್ಮದರ ಬಾಲ್ಯವನ್ನು ಚಿತ್ರಿಸಿದಾಗ ಅದಕ್ಕೆ ಸಂಗೀತವಿತ್ತವರು ಇದೇ ರೆಹಮಾನ್ ಎಂಬುದು ನನಗೆ ಆಕಸ್ಮಿಕವೆನಿಸುವುದಿಲ್ಲ.

ದೇಶ ಬಿಟ್ಟ ಇರಾನಿಯರು ತಮ್ಮ ಹಳೆಯ ಹಾಡುಗಳನ್ನು ಕ್ಯಾಸೆಟ್ಟುಗಳಲ್ಲಿ ಕಾಪಾಡಿಕೊಂಡದ್ದರಿಂದಲೇ ಮೊಮ್ಮಕ್ಕಳಿಗೆ ಅವು ದೊರೆತವು. ಹಾಗೆಯೇ ಮದರಾಸಿನಲ್ಲಿ ಧ್ವನಿಮುದ್ರಣಗೊಂಡ ಕನ್ನಡ ಹಾಡುಗಳ ಮೂಲ ಟೇಪುಗಳು ಯಾವ ನಿರ್ಮಾಪಕರ ಮನೆಯಲ್ಲಿ ಉಳಿದಿವೆಯೋ, ಆ ಮನೆಯವರು ಅವು ಬೂಷ್ಟು ಹಿಡಿಯುವ ಮುನ್ನ ಡಿಜಿಟಲ್ ಪ್ರತಿಗಳನ್ನು ಮಾಡಿಸಬೇಕೆಂದು ಪ್ರಾರ್ಥಿಸುತ್ತೇನೆ.