ಗಿಡದ ಮದ್ದಿಗೆ ನ್ಯಾನೊ ವಾಹನ

ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್, ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳ ಬೆಳವಣಿಗೆಗೆ ತಡೆಯೊಡ್ಡುತ್ತದೆ. ಅದನ್ನೇ ನುಂಗಿದರೆ ರಕ್ತದಲ್ಲಿ ಸುಳಿವು ಸಿಗುವುದೇ ಕಷ್ಟ. ನೀರಿನಲ್ಲಿ ಅದು ಕರಗುವುದಿಲ್ಲ. ಕರುಳು ಹೀರಿಕೊಂಡ ಅಲ್ಪಸ್ವಲ್ಪವನ್ನೂ ಯಕೃತ್ತು ಬೇಗನೆ ಮಾರ್ಪಡಿಸಿ ಹೊರಹಾಕುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಇದಕ್ಕೆ ಅಡುಗೆಮನೆಯಲ್ಲೇ ಒಂದು ಉಪಾಯ ಕಂಡರು. 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಕರಿಮೆಣಸಿನ ಸತ್ವವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ, ರಕ್ತ ಸೇರುವ ಪ್ರಮಾಣ ಶೇ. 2,000ರಷ್ಟು ಹೆಚ್ಚಿತೆಂದು 1998ರಲ್ಲಿ ಪ್ರಕಟಿಸಿದರು.

ನ್ಯಾನೊ ತಂತ್ರಜ್ಞಾನದ ಹಾದಿ ಬೇರೆ. ಅದು ಮದ್ದನ್ನು ಕೊಬ್ಬಿನ ಅಥವಾ ಪ್ರೋಟೀನಿನ ಅತಿಸೂಕ್ಷ್ಮ ಕಣದೊಳಗೆ ಕೂರಿಸಿ ಕಳಿಸುತ್ತದೆ. ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ.

ಈ ಹಾದಿ ಫಲ ಕೊಟ್ಟದ್ದಕ್ಕೆ ಕ್ಯಾನ್ಸರ್ ಮದ್ದಾದ ಪ್ಯಾಕ್ಲಿಟ್ಯಾಕ್ಸೆಲ್‌ಗಿಂತ ಒಳ್ಳೆಯ ಸಾಕ್ಷಿ ಸಿಗದು. 1962ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಸಸ್ಯವಿಜ್ಞಾನಿ ಆರ್ಥರ್ ಬಾರ್ಕ್ಲೆ ಪೆಸಿಫಿಕ್ ಯೂ ಮರದ ತೊಗಟೆ ಸಂಗ್ರಹಿಸಿದರು. ಅದರೊಳಗಿನ ಈ ಔಷಧದ ರಚನೆಯನ್ನು ಭಾರತ ಮೂಲದ ಮನ್‌ಸುಖ್ ವಾನಿ ಮತ್ತು ಮನ್ರೋ ವಾಲ್ ಅವರ ತಂಡ 1971ರಲ್ಲಿ ಬಿಡಿಸಿಟ್ಟಿತು. 1992ರಲ್ಲಿ ಅಂಡಾಶಯದ ಕ್ಯಾನ್ಸರ್‌ಗೆ ಬಳಸಲು ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. ತೊಡಕು ಒಂದೇ: ಇದೂ ನೀರಿನಲ್ಲಿ ಕರಗದು. ಕರಗಿಸಲು ಹರಳೆಣ್ಣೆಯಿಂದ ತಯಾರಿಸಿದ ದ್ರಾವಕ ಬೇಕಾಯಿತು. ಆ ದ್ರಾವಕದಿಂದಲೇ ಕೆಲವರಿಗೆ ತೀವ್ರ ಅಲರ್ಜಿ! ಮೊದಲೇ ಸ್ಟೀರಾಯ್ಡ್ ಕೊಟ್ಟು, ಸಾಮಾನ್ಯವಾಗಿ ಮೂರು ಗಂಟೆ ಡ್ರಿಪ್ ಹಾಕಬೇಕಿತ್ತು.

ನಮ್ಮ ರಕ್ತದಲ್ಲೇ ಇರುವ ಆಲ್ಬುಮಿನ್ ಪ್ರೋಟೀನಿಗೆ ಈ ಮದ್ದನ್ನು ಅಂಟಿಸಿ, ಸುಮಾರು 130 ನ್ಯಾನೊಮೀಟರ್ ಗಾತ್ರದ ಕಣಗಳನ್ನಾಗಿಸಿದ ಮೇಲೆ ದ್ರಾವಕದ ಗೊಡವೆ ತಪ್ಪಿತು. ಡ್ರಿಪ್ ಅವಧಿ ಅರ್ಧ ಗಂಟೆಗೆ ಇಳಿಯಿತು. ಹರಡಿದ ಸ್ತನ ಕ್ಯಾನ್ಸರ್‌ನ ದೊಡ್ಡ ಪರೀಕ್ಷೆಯೊಂದರಲ್ಲಿ ಹಳೆಯ ರೂಪಕ್ಕೆ ಶೇ. 19ರಷ್ಟು ರೋಗಿಗಳ ಗಡ್ಡೆ ಕುಗ್ಗಿದರೆ, ಹೊಸದಕ್ಕೆ ಶೇ. 33ರಷ್ಟು ರೋಗಿಗಳಲ್ಲಿ ಕುಗ್ಗಿತು. 2005ರಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು. ಹೆಚ್ಚು ಮದ್ದು ಕೊಡಲು ಸಾಧ್ಯವಾದದ್ದರ ಬೆಲೆಯೂ ಇದೆ: ಕೈಕಾಲು ಜೋಮು ಹಿಡಿಯುವ ನರಬಾಧೆ ಹೊಸ ರೂಪದಲ್ಲೇ ಹೆಚ್ಚು.

ಕರ್ಕ್ಯುಮಿನ್ ಮಾತ್ರ ಇನ್ನೂ ಆ ಹಂತ ಮುಟ್ಟಿಲ್ಲ. ಅದರ ನ್ಯಾನೊ ರೂಪಗಳ ಮೇಲೆ ಸಂಶೋಧನೆ ಭರದಿಂದ ಸಾಗಿದ್ದರೂ, ಕ್ಯಾನ್ಸರ್ ಔಷಧವೆಂದು ಅಮೆರಿಕದಲ್ಲಿ ಯಾವುದಕ್ಕೂ ಮಾನ್ಯತೆ ಸಿಕ್ಕಿಲ್ಲ. ಸಾರಿನೊಳಗಿನ ಚಿಟಿಕೆ ಅರಿಶಿನಕ್ಕೆ ಹೆದರಬೇಕಿಲ್ಲ. ಆದರೆ ಹೀರಿಕೆ ಹೆಚ್ಚಿಸಿದ ಅರಿಶಿನದ ಗುಳಿಗೆಗಳನ್ನು ನುಂಗಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಇಟಲಿ ಮತ್ತು ಅಮೆರಿಕದಲ್ಲಿ ವರದಿಯಾಗಿವೆ. ಹಾಗಾಗಿ ಡಬ್ಬಿಯ ಮೇಲೆ ‘ನ್ಯಾನೊ’ ಎಂದು ಕಂಡಾಕ್ಷಣ ಕೊಳ್ಳಬೇಡಿ. ಬೇರೆ ಕಾಯಿಲೆಗೆ ಚಿಕಿತ್ಸೆ ನಡೆಯುತ್ತಿದ್ದರಂತೂ ನಿಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.