ಗುಂಗುರು ಕೂದಲಿಗೆ ಬೇಕಾದದ್ದು ಇಸ್ತ್ರಿ ಅಲ್ಲ, ನೀರು

ಶಾಲೆಗೆ ರಜೆ ಸಿಕ್ಕಿದರೆ ಮೈಸೂರು ಕಡೆ ಪ್ರವಾಸ ಹೊರಡುವ ನಮ್ಮ ಕರಾವಳಿಯ ಕುಟುಂಬಗಳು ತಲಕಾಡಿಗೂ ಒಂದು ಸುತ್ತು ಹೋಗಿ ಬರುವುದುಂಟು. ಕಾವೇರಿ ದಡ, ಮರಳ ದಿಬ್ಬ, ಗಾಳಿ. (ಮಾಲಂಗಿಯ ಮಡುವಿನ ಕಡೆ ಮಾತ್ರ ಮಕ್ಕಳನ್ನು ಬಿಡಬೇಡಿ.) ಸಂಜೆ ವ್ಯಾನ್ ಹತ್ತುವಾಗ ನೇರ ಕೂದಲಿನ ಹುಡುಗಿ ಒಮ್ಮೆ ಬಾಚಿಕೊಂಡು ಕೂತುಬಿಡುತ್ತಾಳೆ. ಗುಂಗುರು ಕೂದಲಿನವಳ ಕಥೆ ಬೇರೆ. ತಲೆ ತುಂಬ ಮರಳು, ಸಿಕ್ಕು, ಮೇಲಿಂದ ‘ಇವಳ ಮಂಡೆ ಕಾಗೆಗೂಡು’ ಅನ್ನೋ ಮಾತು. ಉಮ್ಮ ಸಿಟ್ಟಿನಲ್ಲಿ ಒಣ ಕೂದಲಿಗೇ ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ಎಳೆದರೆ ಮಗುವಿನ ಕಣ್ಣಲ್ಲಿ ನೀರು, ಬಾಚಣಿಗೆಯಲ್ಲಿ ಕೂದಲು.

ತಮಾಷೆಯೆಂದರೆ ಇದೇ ತಲಕಾಡು ಒಂದು ಕಾಲಕ್ಕೆ ಗಂಗ ಅರಸರ ರಾಜಧಾನಿ. ಗಂಗ ದೊರೆ ರಾಚಮಲ್ಲನ ಮಂತ್ರಿ ಚಾವುಂಡರಾಯ ಕ್ರಿ.ಶ. 981ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಮೂರ್ತಿ ಮಾಡಿಸಿದ. ಅದರ ತಲೆ ಗಮನಿಸಿದ್ದೀರಾ? ತಲೆ ತುಂಬ ಸಣ್ಣ ಸಣ್ಣ ಗುಂಗುರು, ಸಾಲು ಸಾಲಾಗಿ. ಐವತ್ತಕ್ಕೂ ಹೆಚ್ಚು ಅಡಿ ಎತ್ತರದಲ್ಲಿ ಒಂದೊಂದು ಸುರುಳಿಯನ್ನೂ ಬಿಡಿಸಿ ಕೆತ್ತಿದ ಶಿಲ್ಪಿಗೆ ಗುಂಗುರು ಕೂದಲು ಮುಚ್ಚಿಡುವ ಕೊರತೆಯಾಗಿ ಕಂಡಿರಲಾರದು.

ಇವತ್ತು ನಮ್ಮ ಮನೆಗಳಲ್ಲಿ ಹೆಣ್ಣು ನೋಡಲು ಬರುತ್ತಾರೆ ಅಂತ ಗೊತ್ತಾದರೆ ಸಾಕು, ಪಾರ್ಲರ್‌ಗೆ ಓಟ. ಮದುವೆ ಖರ್ಚಿನ ಪಟ್ಟಿಯಲ್ಲಿ ಸ್ಟ್ರೈಟನಿಂಗ್‌ಗೂ ಒಂದು ಸಾಲು. ಅದು ಬೇಕೋ ಬೇಡವೋ ಅಂತ ತೀರ್ಮಾನಿಸುವ ಮೊದಲು ಗುಂಗುರು ಕೂದಲು ಹೇಗಿರುತ್ತದೆ ಅಂತ ತಿಳಿದುಕೊಳ್ಳೋಣ.

ಕೂದಲು ಹುಟ್ಟುವುದು ಚರ್ಮದೊಳಗಿನ ಸಣ್ಣ ಗುಳಿಯಲ್ಲಿ. ನೇರ ಕೂದಲಿನವರಲ್ಲಿ ಆ ಗುಳಿ ನೆಟ್ಟಗಿರುತ್ತದೆ, ಗುಂಗುರು ಕೂದಲಿನವರಲ್ಲಿ ಬಾಗಿರುತ್ತದೆ. ಹಾಗಾಗಿ ಎಳೆಯೂ ದುಂಡಗಿರದೆ ಮೊಟ್ಟೆಯ ಆಕಾರಕ್ಕೆ ಚಪ್ಪಟೆಯಾಗಿ, ಬಾಗಿಕೊಂಡೇ ಹೊರಬರುತ್ತದೆ. ಇದು ವಂಶದಿಂದ ಬರುವುದು. ಎಲ್ಲರದ್ದೂ ಒಂದೇ ಬಗೆಯಲ್ಲ. ಕೆಲವರದ್ದು ಅಲೆಯಂತೆ, ಕೆಲವರದ್ದು ಉಂಗುರದಂತೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿಗಳ ಹಿರಿಯರು ಪೂರ್ವ ಆಫ್ರಿಕಾದಿಂದ ಬಂದವರು. ಅವರಲ್ಲಿ ಅತಿ ಬಿಗಿಯಾದ ಸುರುಳಿ ಕಾಣುತ್ತದೆ. ಮಗುವಿನ ಕೂದಲು ಮುಂದೆ ನೆಟ್ಟಗೆ ಬರಲಿ ಅಂತ ಮತ್ತೆ ಮತ್ತೆ ಬೋಳಿಸುವವರಿದ್ದಾರೆ. ಬ್ಲೇಡು ಚರ್ಮದ ಮೇಲಿನದನ್ನು ಕತ್ತರಿಸುತ್ತದೆ ಅಷ್ಟೆ, ಒಳಗಿನ ಗುಳಿಗೆ ಅದರ ಸುದ್ದಿಯೇ ಇರುವುದಿಲ್ಲ.

ಇನ್ನು ಒಣಗುವ ವಿಷಯ. ನೆತ್ತಿಯ ಚರ್ಮದಲ್ಲಿ ತಾನಾಗಿ ಎಣ್ಣೆ ಉತ್ಪತ್ತಿಯಾಗುತ್ತದೆ. ನೇರ ಕೂದಲಿನ ಮೇಲೆ ಅದು ಸಲೀಸಾಗಿ ತುದಿಯವರೆಗೆ ಇಳಿಯುತ್ತದೆ. ಗುಂಗುರು ಕೂದಲೆಂದರೆ ಶಿರಾಡಿ ಘಾಟಿ. ತಿರುವು ದಾಟಿ ದಾಟಿ ಎಣ್ಣೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಕೂದಲಿನ ಹೊರಮೈಯಲ್ಲಿ ನಮ್ಮ ಮಂಗಳೂರು ಹೆಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಪದರಗಳಿವೆ. ಬಾಗಿದ ಕಡೆ ಆ ‘ಹೆಂಚು’ ಸ್ವಲ್ಪ ಎದ್ದಿರುತ್ತದೆ. ಅಲ್ಲಿಂದ ಒಳಗಿನ ತೇವ ಹೊರಗೆ ಹೋಗುತ್ತದೆ, ಮಳೆಗಾಲದಲ್ಲಿ ಹೊರಗಿನ ತೇವ ಒಳಗೆ ಬಂದು ಕೂದಲು ಉಬ್ಬುತ್ತದೆ. ನೆತ್ತಿ ಜಿಡ್ಡು, ತುದಿ ತರಗೆಲೆ ಅನ್ನುವ ದೂರಿಗೆ ಕಾರಣ ಇದೇ.

ಆದ್ದರಿಂದ ಶಾಂಪೂ ನೆತ್ತಿಗೆ ಮಾತ್ರ. ಹೆಚ್ಚಿನವರಿಗೆ ವಾರಕ್ಕೆ ಒಂದೆರಡು ಸಲ ಸಾಕು. ಕಂಡೀಷನರ್ ಉದ್ದಕ್ಕೆ, ತುದಿಗೆ. ಅದು ಕೂದಲಲ್ಲಿ ಇರುವಾಗಲೇ ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿ. ತುದಿಯಿಂದ ಶುರುಮಾಡಿ ಮೇಲಕ್ಕೆ ಬನ್ನಿ. ಒಣಗಿದ ಮೇಲೆ ಬಾಚಲೇಬೇಡಿ, ಈ ಒಂದು ಅಭ್ಯಾಸ ಬಿಟ್ಟರೆ ಅರ್ಧ ಜಗಳ ಮುಗಿಯುತ್ತದೆ. ಟವೆಲ್ ಹಾಕಿ ತಿಕ್ಕುವುದೂ ಬೇಡ. ಮನೆಯಲ್ಲಿ ತೊಳೆದು ತೊಳೆದು ಮೆತ್ತಗಾದ ಹತ್ತಿ ಲುಂಗಿ ಇದ್ದೇ ಇರುತ್ತದೆ, ಅದರಲ್ಲಿ ಹಿಡಿ ಹಿಡಿಯಾಗಿ ಒತ್ತಿ ನೀರು ತೆಗೆಯಿರಿ.

ಕಂಡೀಷನರ್ ದುಬಾರಿ ಅನಿಸಿದರೆ ದಾಸವಾಳದ ಎಲೆಯ ಗೊಂಪು ಇದೆ. ನಮ್ಮ ಹಿರಿಯರು ಬಳಸುತ್ತಿದ್ದ ಆ ಲೋಳೆ ಕೂದಲು ಜಾರುವಂತೆ ಮಾಡುತ್ತದೆ, ಸಿಕ್ಕು ಬಿಡಿಸುವುದು ಸುಲಭ. ಸುರುಳಿ ನಿಲ್ಲಬೇಕೆಂದರೆ ಎರಡು ಚಮಚ ಅಗಸೆ ಬೀಜವನ್ನು ಒಂದೂವರೆ ಲೋಟ ನೀರಲ್ಲಿ ಕುದಿಸಿ, ಲೋಳೆ ಬಿಡುತ್ತಿದ್ದಂತೆ ಬಿಸಿಯಿರುವಾಗಲೇ ಸೋಸಿ. ತಣಿದರೆ ಗಟ್ಟಿಯಾಗಿ ಬಟ್ಟೆಯಿಂದ ಇಳಿಯುವುದೇ ಇಲ್ಲ. ಒದ್ದೆ ಕೂದಲಿಗೆ ಸವರಿ, ಅಂಗೈಯಲ್ಲಿ ಮೇಲಕ್ಕೆ ಒತ್ತಿ, ಒಣಗುವ ತನಕ ಮುಟ್ಟದೆ ಬಿಡಿ. ಫ್ರಿಜ್‌ನಲ್ಲಿಟ್ಟರೆ ಒಂದು ವಾರ ಬರುತ್ತದೆ.

ತೆಂಗಿನೆಣ್ಣೆ ಬಗ್ಗೆ ಅಜ್ಜಿಯರ ಮಾತು ಸುಳ್ಳಲ್ಲ. 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧಕರ ಅಧ್ಯಯನದಲ್ಲಿ ತೆಂಗಿನೆಣ್ಣೆ ಕೂದಲಿನ ಪ್ರೋಟೀನ್ ನಷ್ಟ ಕಡಿಮೆ ಮಾಡಿತು, ಸೂರ್ಯಕಾಂತಿ ಎಣ್ಣೆಯಿಂದ ಆ ಕೆಲಸ ಆಗಲಿಲ್ಲ. ಆದರೆ ಹಚ್ಚುವುದು ಸ್ನಾನಕ್ಕೆ ಮೊದಲು. ಒಣ ಕೂದಲಿಗೆ ಎಣ್ಣೆ ಸುರಿದರೆ ತೇವ ಬರುವುದಿಲ್ಲ, ಹೊಳಪು ಮಾತ್ರ ಬರುತ್ತದೆ. ತಲೆಹೊಟ್ಟು ಇದ್ದವರು ರಾತ್ರಿಯಿಡೀ ಎಣ್ಣೆ ಬಿಡದಿರುವುದು ಒಳ್ಳೆಯದು.

ಕರಾವಳಿಯಿಂದ ಮೈಸೂರು, ತಿ. ನರಸೀಪುರ ಕಡೆ ಮದುವೆಯಾಗಿ ಹೋದವರು ‘ಇಲ್ಲಿ ಬಂದ ಮೇಲೆ ಕೂದಲು ನಾರಾಯಿತು’ ಅನ್ನುವುದು ಅಲ್ಲಿನ ಗಡಸು ಬೋರ್‌ವೆಲ್ ನೀರಿನಿಂದ. ಸೋಪು ಹಾಕಿದರೆ ಇನ್ನೂ ಕೆಡುಕು, ಬಿಳಿ ಪದರ ಕೂತುಬಿಡುತ್ತದೆ. ಒಂದು ಚೊಂಬು ನೀರಿಗೆ ಒಂದು ಚಮಚ ವಿನೆಗರ್ ಬೆರೆಸಿ ಕೊನೆಯಲ್ಲಿ ಸುರಿದುಕೊಂಡರೆ ವ್ಯತ್ಯಾಸ ತಿಳಿಯುತ್ತದೆ.

ಸ್ಕಾರ್ಫ್ ಹಾಕುವವರು ಗಮನಿಸಬೇಕಾದದ್ದು ಬೇರೆ. ಬೆಳಿಗ್ಗೆ ಕಾಲೇಜಿನ ಗಡಿಬಿಡಿಯಲ್ಲಿ ಒದ್ದೆ ಕೂದಲನ್ನೇ ಬಿಗಿಯಾಗಿ ಗಂಟು ಹಾಕಿ, ಮೇಲೆ ಹತ್ತಿಯ ಕ್ಯಾಪ್ ಎಳೆದು ಸಂಜೆವರೆಗೆ ಹಾಗೇ ಇರುವುದು ಸಾಮಾನ್ಯ. ದಿನವೂ ಎಳೆದೆಳೆದು ಹಣೆಯಂಚಿನ ಕೂದಲು ತೆಳ್ಳಗಾಗುತ್ತದೆ. ಬೇಗ ನಿಲ್ಲಿಸಿದರೆ ಮತ್ತೆ ಬರುತ್ತದೆ, ವರ್ಷಗಟ್ಟಲೆ ಮುಂದುವರಿದರೆ ಬರಲಿಕ್ಕಿಲ್ಲ. ರಾತ್ರಿಯೇ ತೊಳೆದು ಒಣಗಿಸಿ, ಸಡಿಲ ಜಡೆ ಹಾಕಿ, ಒಳಗೆ ನುಣುಪಾದ ಸ್ಯಾಟಿನ್ ಕ್ಯಾಪ್ ಹಾಕಿಕೊಳ್ಳಿ. ಮನೆಗೆ ಬಂದ ಕೂಡಲೇ ಗಂಟು ಬಿಚ್ಚಿ.

ಈಗ ಪಾರ್ಲರ್ ವಿಷಯ. ‘ಕೆರಾಟಿನ್’ ಎಂಬ ಚೆಂದದ ಹೆಸರಿನ ಹಲವು ದ್ರಾವಣಗಳಲ್ಲಿ ಇಸ್ತ್ರಿಯ ಶಾಖಕ್ಕೆ ಫಾರ್ಮಾಲ್ಡಿಹೈಡ್ ಆವಿಯಾಗಿ ಹೊರಡುತ್ತದೆ. ಕಣ್ಣು ಉರಿಯುವುದು ಅದಕ್ಕೇ. ‘ಫಾರ್ಮಾಲ್ಡಿಹೈಡ್ ಇಲ್ಲ’ ಎಂದು ಬರೆದದ್ದರಲ್ಲಿ ಹಲವು ಬಾರಿ ಗ್ಲೈಆಕ್ಸಿಲಿಕ್ ಆಮ್ಲ ಇರುತ್ತದೆ. 2020, 2021, 2022ರಲ್ಲಿ ಮೂರು ಸಲ ಸ್ಟ್ರೈಟನಿಂಗ್ ಮಾಡಿಸಿಕೊಂಡ 26 ವರ್ಷದ ಯುವತಿಯೊಬ್ಬಳಿಗೆ ಮೂರು ಸಲವೂ ಮೂತ್ರಪಿಂಡಕ್ಕೆ ಪೆಟ್ಟಾದದ್ದನ್ನು ಫ್ರಾನ್ಸಿನ ವೈದ್ಯರು 2024ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ವರದಿ ಮಾಡಿದರು. ಅವರ ಸಂಶಯ ಈ ಆಮ್ಲದ ಮೇಲೆ. ಅಮೆರಿಕದಲ್ಲಿ 33,497 ಮಹಿಳೆಯರನ್ನು ಗಮನಿಸಿದ ಅಧ್ಯಯನ 2022ರಲ್ಲಿ ಬಂತು. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಸ್ಟ್ರೈಟನರ್ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಪ್ರಮಾಣ ಎರಡು ಪಟ್ಟಿಗಿಂತ ಹೆಚ್ಚಿತ್ತು. ಸ್ಟ್ರೈಟನರೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ, ಒಮ್ಮೆ ಮಾಡಿಸಿದವರೆಲ್ಲ ಹೆದರಬೇಕಾಗಿಯೂ ಇಲ್ಲ. ಆದರೆ ಬುಡದಿಂದ ಬರುವ ಹೊಸ ಕೂದಲು ಗುಂಗುರಾಗಿಯೇ ಬರುತ್ತದೆ, ಹಾಗಾಗಿ ಇದು ಒಂದೇ ಸಲಕ್ಕೆ ನಿಲ್ಲುವ ಕೆಲಸವಲ್ಲ. ಗರ್ಭಿಣಿಯರು, ಹಾಲುಣಿಸುವವರು, ಮಕ್ಕಳು ದೂರವಿರಲಿ. ಉಳಿದವರು ಬಾಟಲಿ ತರಿಸಿ, ಹಿಂದಿನ ಸಣ್ಣ ಅಕ್ಷರ ಓದಿದ ಮೇಲೆಯೇ ಕುರ್ಚಿಯಲ್ಲಿ ಕೂರಲಿ.

ಈಗಾಗಲೇ ಮಾಡಿಸಿಕೊಂಡು ಬೇಸತ್ತವರು ಒಂದೇ ಸಲ ಕತ್ತರಿಸಬೇಕಾಗಿಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ತುದಿ ತೆಗೆಯುತ್ತಾ ಬನ್ನಿ. ಹೊಸ ಗುಂಗುರು ಹಳೆಯ ನೇರ ಕೂದಲಿಗೆ ಸೇರುವ ಜಾಗ ಬಹಳ ಸೂಕ್ಷ್ಮ, ಬೇಗ ತುಂಡಾಗುವುದು ಅಲ್ಲೇ. ಅಲ್ಲಿ ಬಾಚಣಿಗೆ ಬೇಡ, ಬೆರಳೇ ಸಾಕು.